ಐಸಜ್ಜನನ್ನು ಹಂಪಿಯಲ್ಲಿ ತೋರಿಸಿದ ಅಣ್ಣ

ಹೋದ ತಿಂಗಳು ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಡೆದ ಗಾಜು ಬಿಚ್ಚಲೆಂದು ಅಂಗಡಿಯವನು ನನ್ನ ಫೋನಿಗೆ ಬಿಸಿಗಾಳಿ ಹಿಡಿದಿದ್ದ. ಕಾದ ಪ್ಲಾಸ್ಟಿಕ್ಕಿನ ವಾಸನೆ, ಅದರ ಜೊತೆಗೆ ಬೆಳಗಿನ ಪೂಜೆಯ ಊದಿನಕಡ್ಡಿ, ಪಕ್ಕದ ಗಾಡಿಯಿಂದ ಮಿರ್ಚಿ ಕರಿಯುವ ಎಣ್ಣೆಯ ಘಾಟು... ಮೂರೂ ಒಟ್ಟಿಗೆ ಮೂಗಿಗೆ ಬಂದವು. ಒಳಗಿನಿಂದ ಯಾರೋ "ಬರ್ರಿ ಅಕ್ಕಾರ, ಕುಂದ್ರಿ" ಅಂದಹಾಗಾಯಿತು. ಯಾರೂ ಅಂದಿರಲಿಲ್ಲ. ಅಂಗಡಿಯವನು ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದ. ನಾನು ಮಾತ್ರ ಹನ್ನೆರಡು ಹದಿಮೂರು ವರ್ಷ ಹಿಂದಕ್ಕೆ ಹೋಗಿ, ಅದೇ ಓಣಿಯ, ಅದೇ ವಾಸನೆಯ ಇನ್ನೊಂದು ಬಾಗಿಲಲ್ಲಿ ನಿಂತುಬಿಟ್ಟಿದ್ದೆ.

ಆಗ ನಾವು ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಇದ್ದೆವು. ನಾನು ಕಾಲುವೆ ಕಚೇರಿಯಲ್ಲಿ ಗುಮಾಸ್ತೆ. ನನ್ನ ಗಂಡ ಉಕ್ಕಿನ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದರು. ಮಗಳು ಸುಜಾತಾಳಿಗೆ ಎಂಟು ತುಂಬಿತ್ತು. ಅವಳು ಮಾತಾಡುತ್ತಿರಲಿಲ್ಲ. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು, ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರೆ ಪಡಸಾಲೆಯಿಂದ ಎದ್ದು ಬರುತ್ತಿದ್ದಳು. ಆದರೆ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮುಟ್ಟಿದರೆ ಮೈ ಮುದುಡಿಕೊಳ್ಳುತ್ತಿದ್ದಳು. ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿ ಅಳುತ್ತಿದ್ದಳು. ಡಾಕ್ಟರು ಆಟಿಸಂ ಅಂದರು. ನೆಂಟರು ತಮಗೆ ತೋಚಿದ ಹೆಸರುಗಳನ್ನೆಲ್ಲ ಇಟ್ಟರು. ನಾನು ಅವಳನ್ನು ಕರೆಯುತ್ತಲೇ ಇದ್ದೆ. ಉಣ್ಣಿಸುವಾಗ, ತಲೆ ಬಾಚುವಾಗ, ಮಲಗಿಸುವಾಗ. "ಸುಜಾತಾ... ಸುಜಿ... ನೋಡಿಲ್ಲಿ." ಗೋಡೆಯ ಮೇಲಿನ ಫೋಟೋದ ಬುದ್ಧನಾದರೂ ನನ್ನ ಕಡೆ ನೋಡುತ್ತಿದ್ದ, ಮಗಳು ನೋಡುತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಅವಳನ್ನು ಹೊಸಪೇಟೆಗೆ ಕರೆದುಕೊಂಡು ಬರುತ್ತಿದ್ದೆ. ಮಾತು ಕಲಿಸುವ ಒಬ್ಬ ಮೇಡಂ ಅಲ್ಲಿದ್ದರು, ಒಳ್ಳೆಯವರು, ತಾಳ್ಮೆಯವರು. ಅವರ ಪಾಠ ಮುಗಿಸಿ ನಾವು ವಾಪಸು ಬಸ್ಸಿಗೆ ಆ ಓಣಿಯಲ್ಲೇ ನಡೆದು ಹೋಗಬೇಕು. ಒಂದು ಮಂಗಳವಾರ ಸುಜಾತಾ ನಡುದಾರಿಯಲ್ಲಿ ನಿಂತುಬಿಟ್ಟಳು. ಎಳೆದರೂ ಬರಲಿಲ್ಲ. ಅರ್ಧ ಮುಚ್ಚಿದ ಶಟರಿನ ಅಂಗಡಿಯೊಂದರ ಒಳಗೆ ಟಿವಿ ಇತ್ತು. ಪರದೆಯ ತುಂಬ ಬೆಳ್ಳಗೆ ಮಂಜು. ಆ ಮಂಜಿನ ನಡುವೆ ಗುಡ್ಡದಷ್ಟು ಎತ್ತರದ ಒಬ್ಬ ಮನುಷ್ಯ ಸುಮ್ಮನೆ ನಿಂತಿದ್ದ. ಮೈಯೆಲ್ಲ ನೀಲಿ ಮಂಜುಗಡ್ಡೆ, ಗಡ್ಡದಿಂದ ಮಂಜಿನ ಮೊಳೆಗಳು ಇಳಿಬಿದ್ದಿದ್ದವು. ಯಾರೂ ಅವನನ್ನು ಆಡಿಸುತ್ತಿರಲಿಲ್ಲ. ಅವನು ಉಸಿರಾಡುವುದು ಮಾತ್ರ ಕಾಣುತ್ತಿತ್ತು.

"ಬಿಸಲಾಗ ಯಾಕ ನಿಂತೀರಿ? ಬರ್ರಿ ಅಕ್ಕಾರ, ಒಳಗ ಕುಂದ್ರಿ" ಅಂತ ಒಬ್ಬರು ಶಟರ್ ಮೇಲೆತ್ತಿದರು.

"ಬ್ಯಾಡ್ರಿ ಅಣ್ಣಾರ, ಬಸ್ಸಿಗೆ ಹೊಂಟೀವಿ. ಇಕಿ ಸುಮ್ನ ನೋಡಾಕತ್ತಾಳ."

"ನೋಡ್ಲಿ ಬಿಡ್ರಿ. ನೋಡೋದಕ್ಕೇನು ಟಿಕೀಟ ಐತಾ?"

ಹಾಗೆ ಪರಿಚಯವಾದವರು ಅವರು. ಗೇಮ್ ಅಂಗಡಿ ಅಣ್ಣ. ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ದೊಡ್ಡ ಆಳು, ಬಾಗಿಲಿಗೆ ಅಡ್ಡ ನಿಂತರೆ ಒಳಗಿನ ಬೆಳಕು ಹೊರಗೆ ಬರುತ್ತಿರಲಿಲ್ಲ. ಹೆಗಲ ಮೇಲೊಂದು ಟವೆಲ್ಲು. ಊರು ಗಾದಿಗನೂರು. ಮೊದಲು ಟಿಪ್ಪರ್ ಓಡಿಸುತ್ತಿದ್ದರಂತೆ, ಸಂಡೂರಿನ ಗಣಿಗಳಿಂದ ಗೂಡ್ಸ್ ರೈಲಿಗೆ ತುಂಬುವ ಸೈಡಿಂಗಿಗೆ ಅದಿರು. ಗಣಿಗಳು ನಿಂತಾಗ ಟಿಪ್ಪರುಗಳು ರಸ್ತೆಬದಿಯಲ್ಲಿ ಸಾಲಾಗಿ ನಿಂತು ಗಾಲಿಗಳ ನಡುವೆ ಹುಲ್ಲು ಬೆಳೆದದ್ದನ್ನು ಈ ಕಡೆಯವರೆಲ್ಲ ನೋಡಿದ್ದೇವೆ. ಆಗ ಅವರು ಗಾಡಿ ಮಾರಿ, ಟಿವಿಗಳನ್ನೂ ಆಟದ ಪೆಟ್ಟಿಗೆಗಳನ್ನೂ ತಂದು ಆ ಅಂಗಡಿ ಹಾಕಿದ್ದರು. ಡ್ರೈವರ್ ಆಗಿದ್ದವರಿಗೆ ಇದೆಲ್ಲ ಹೇಗೆ ಹೊಳೆಯಿತು ಅಂತ ಒಮ್ಮೆ ಕೇಳಿದ್ದೆ. "ಲೋಡಿಗೆ ನಿಂತಾಗ ಲೈನ್ ಭಾಳ ಉದ್ದ ಇರ್ತಿತ್ತ್ರಿ. ಫೋನಿನ್ಯಾಗ ಆಡಿ ಆಡಿ ಹುಚ್ಚು ಹಿಡಿದಿತ್ತು" ಅಂತ ನಕ್ಕಿದ್ದರು.

ಆ ಮೊದಲ ದಿನ ಅವರು ಸುಜಾತಾಳ ಕೈಗೆ ಆಟ ಆಡಿಸುವ ರಿಮೋಟ್ ಕೊಡಲು ಹೋದರು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅವರು ರಿಮೋಟನ್ನು ಅವಳ ಮುಂದಿನ ಚಾಪೆಯ ಮೇಲಿಟ್ಟು, ತಾವು ಗೋಡೆಯ ಹತ್ತಿರ ಹೋಗಿ ಕೂತು ಬೇರೆ ಕಡೆ ನೋಡತೊಡಗಿದರು. ಬಹಳ ಹೊತ್ತಾದ ಮೇಲೆ ಅವಳು ಅದನ್ನು ಎತ್ತಿಕೊಂಡಳು. ಯಾವುದೋ ಗುಂಡಿ ಒತ್ತಿರಬೇಕು, ಮಂಜಿನ ಮನುಷ್ಯ ಒಂದು ಹೆಜ್ಜೆ ಇಟ್ಟ. ಅವನು ಹೆಜ್ಜೆ ಇಟ್ಟ ಕೂಡಲೇ ರಿಮೋಟ್ ಗುಡುಗಿದ ಹಾಗೆ ನಡುಗುತ್ತಿತ್ತು. ಅವಳು ಬಿಸಾಡಿಬಿಡುತ್ತಾಳೆ ಅಂದುಕೊಂಡೆ. ಬಿಸಾಡಲಿಲ್ಲ. ಎರಡೂ ಅಂಗೈಗಳಿಂದ ಒತ್ತಿ ಹಿಡಿದು, ಇನ್ನೊಂದು ಹೆಜ್ಜೆ ಇಡಿಸಿದಳು. ಆಮೇಲೆ ಇನ್ನೊಂದು. ಯಾರ ಕೈಯನ್ನೂ ಸಹಿಸದ ಮಗು ಆ ದೈತ್ಯನ ನಡಿಗೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತಿತ್ತು. ಅವತ್ತು ನಮಗೆ ಬಸ್ಸು ತಪ್ಪಿತು. ಅದರ ನಂತರದ್ದೂ ತಪ್ಪಿತು.

ಅದು ಎಲ್ಲೋ ಉತ್ತರದ ಮಂಜಿನ ದೇಶದ ಪುರಾಣದ ಆಟ. ಸುತ್ತಿಗೆ ಬೀಸುವ ದೇವರು, ಕೊಡಲಿ ಎಸೆಯುವ ವೀರರು, ತೋಳಗಳು, ಹಾವುಗಳು. ಆಡುವವರು ತಮಗೆ ಬೇಕಾದ ಪಾತ್ರವನ್ನು ಆರಿಸಿಕೊಳ್ಳಬೇಕು. ಆ ಮಂಜಿನ ದೈತ್ಯನ ಹೆಸರು ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಹುಡುಗರು ಅದನ್ನು ಯಮೀರ್ ಅಂತ ಓದುತ್ತಿದ್ದರು. ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಅವನು ನಿಧಾನ, ಬೀಸಿದ ಕೈ ಗುರಿ ಮುಟ್ಟುವಷ್ಟರಲ್ಲಿ ಎದುರಾಳಿ ಊರು ದಾಟಿರುತ್ತಿದ್ದ, ಅದಕ್ಕೇ ಅವನನ್ನು ಯಾರೂ ಆರಿಸುತ್ತಿರಲಿಲ್ಲ. ಓಣಿಯ ಬಾಯಲ್ಲಿ ಅವನು 'ಐಸಜ್ಜ' ಆಗಿದ್ದ. ಸುಜಾತಾಳಿಗೆ ಐಸಜ್ಜನೇ ಬೇಕು. ಹೊಡೆದಾಟ ಬೇಡ. ಅವನನ್ನು ಮಂಜಿನ ಬಯಲಿನಲ್ಲಿ ನಡೆಸಿಕೊಂಡು ಸಮುದ್ರದ ದಂಡೆಯವರೆಗೆ ಹೋಗುವುದು, ನಿಲ್ಲಿಸುವುದು, ತಿರುಗಿ ಬರುವುದು. ಇಷ್ಟೇ ಅವಳ ಆಟ.

ಮಂಗಳವಾರ ಅಂದರೆ ಗೇಮ್ ಅಂಗಡಿ ಅಂತಾಯಿತು. ಗಂಡುಹುಡುಗರೇ ತುಂಬಿರುವ ಜಾಗಕ್ಕೆ ಹೆಣ್ಣುಮಗುವನ್ನು ಕರೆದುಕೊಂಡು ಹೋಗುತ್ತೀಯಲ್ಲ ಅಂತ ಅಂದವರಿದ್ದರು. ಅಣ್ಣನ ಕಿವಿಗೂ ಅದು ಬಿದ್ದಿರಬೇಕು. ನಾವು ಹೋಗುವಷ್ಟರಲ್ಲಿ ಮೂಲೆಯ ಟಿವಿಯ ಮುಂದೆ ಬೇರೆ ಚಾಪೆ ಹಾಸಿ, ಅಡ್ಡಕ್ಕೊಂದು ಪರದೆ ಕಟ್ಟಿರುತ್ತಿದ್ದರು. ಉಳಿದ ಟಿವಿಗಳ ಸದ್ದನ್ನೂ ಇಳಿಸಿಬಿಡುತ್ತಿದ್ದರು. ಹುಡುಗರು ಗೊಣಗಿದರೆ, "ಲೇ, ನಮ್ಮವ್ವ ಬಂದಾಳ. ಒಂದು ತಾಸು ಸುಮ್ನಿರ್ರಿ" ಅನ್ನುತ್ತಿದ್ದರು. ನಮ್ಮವ್ವ. ಅವಳನ್ನು ಅವರು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ.

ಆ ಆಟದಲ್ಲಿ ಇಬ್ಬರು ಜೊತೆಯಾಗಿ ಆಡುವ ಭಾಗವೂ ಒಂದಿತ್ತು. ಇಬ್ಬರೂ ದೈತ್ಯರೇ. ಹಿಮಗಾಳಿ ಎದ್ದು ಒಬ್ಬರಿಗೊಬ್ಬರು ಕಾಣದಂತಾದಾಗ, ಒಂದು ಗುಂಡಿ ಒತ್ತಿದರೆ ದೈತ್ಯ ತಲೆಯೆತ್ತಿ ಕೂಗುತ್ತಿದ್ದ. ಅದನ್ನು ಕೇಳಿದ ಇನ್ನೊಬ್ಬ ಮುಷ್ಟಿಯಿಂದ ನೆಲ ಗುದ್ದಬೇಕು. ಆ ಗುದ್ದು ಕೇಳಿದ ಕಡೆಗೆ ನಡೆದರೆ ಇಬ್ಬರೂ ಸೇರುತ್ತಿದ್ದರು. ಸುಜಾತಾಳಿಗಾಗಿ ಟಿವಿಯ ಸದ್ದು ಪೂರ್ತಿ ಇಳಿಸಿರುತ್ತಿದ್ದರಿಂದ ಐಸಜ್ಜನ ಕೂಗು ಕೇಳಿಸುತ್ತಿರಲಿಲ್ಲ. ಹಾಗಾಗಿ ಅಣ್ಣ ತಾವೇ ಬಾಯಿಂದ ಕೂಗುತ್ತಿದ್ದರು. ಹೊಟ್ಟೆಯ ತಳದಿಂದ, ಮೆಲ್ಲಗೆ, ಉದ್ದಕ್ಕೆ, "ಹೋ...ಓ...ಓ..." ಅಂತ. ಮೊದಮೊದಲು ಅವಳು ಉತ್ತರದ ಗುಂಡಿ ಒತ್ತುತ್ತಿದ್ದಳು. ಆಮೇಲಾಮೇಲೆ ರಿಮೋಟ್ ತೊಡೆಯ ಮೇಲಿಟ್ಟು ತನ್ನ ಪುಟ್ಟ ಮುಷ್ಟಿಯಿಂದ ಚಾಪೆಯನ್ನೇ ಗುದ್ದತೊಡಗಿದಳು. ದಡ ದಡ. ಅಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದರು. ಅದೆಲ್ಲ ಆಟ ಅಂತ ನಾನಂದುಕೊಂಡಿದ್ದೆ. ಅವರಿಗೆ ಆಗಲೇ ಏನೋ ಕಂಡಿತ್ತೇನೋ...

ಐಸಜ್ಜನ ಕತೆಯನ್ನು ಅವರಿಗೆ ಓದಿ ಹೇಳಿದ್ದು ಅಂಗಡಿಗೆ ಬರುತ್ತಿದ್ದ ಒಬ್ಬ ಕಾಲೇಜು ಹುಡುಗ. "ಇಂವಾ ಎಲ್ಲಾರಗಿಂತ ಮೊದಲನ್ಯಾಂವ ಅಂತ್ರಿ ಅಕ್ಕಾರ" ಅಂತ ನನಗೆ ಹೇಳಿದ್ದರು. "ದೇವ್ರು ಸೇರಿ ಇಂವನ್ನ ಕೊಲ್ತಾರಂತ. ಕೊಂದು, ಇಂವನ ಮೈಯಿಂದನ ಭೂಮಿ ಮಾಡ್ತಾರಂತ. ರಕ್ತ ಸಮುದ್ರ ಆತು, ಎಲುಬು ಗುಡ್ಡ ಆತು, ಹಲ್ಲು ಕಲ್ಲಾತು. ತಲಿಬುರುಡಿ ಮ್ಯಾಲೆ ಐತಲ್ರಿ, ಆಕಾಶ, ಅದು." ಆಟದ ಕೊನೆಯ ಹಂತ ಇದೇ. ಅದನ್ನು ಸುಜಾತಾ ನೋಡಬಾರದು ಅಂತ ಅವರು ಬಹಳ ಎಚ್ಚರ ವಹಿಸಿದ್ದರು. ಕೊನೆಯ ಹಂತ ಬರುವ ಮುಂಚೆಯೇ ಏನಾದರೂ ನೆಪ ತೆಗೆದು ಮೊದಲಿನ ಮಂಜಿನ ಬಯಲಿಗೆ ತಂದುಬಿಡುತ್ತಿದ್ದರು.

ಒಂದು ಮಂಗಳವಾರ ಅವರು ಸಂಡೂರಿಗೆ, ಅಕ್ಕನ ಮನೆಗೆ ಹೋಗಿದ್ದರು. ಅಂಗಡಿ ತೆರೆದಿತ್ತು. ಯಾರೋ ಇಬ್ಬರು ಅದೇ ಆಟದ ಕೊನೆಯ ಹಂತಕ್ಕೆ ಬಂದಿದ್ದರು, ಅವರಿಗೇನು ಗೊತ್ತು. ನಾವು ಒಳಗೆ ಕಾಲಿಡುವುದಕ್ಕೂ ದೇವತೆಗಳು ಸುತ್ತುವರಿದು ಐಸಜ್ಜನಿಗೆ ಈಟಿ ಇರಿಯುವುದಕ್ಕೂ ಸರಿಹೋಯಿತು. ಅವನು ಮಂಡಿಯೂರಿದ. ಮುಖ ಕೆಳಗಾಗಿ ಬಿದ್ದ. ಮೈಯೆಲ್ಲ ಬಿರುಕು ಬಿಟ್ಟು ಒಡೆದು ಚೂರಾಯಿತು. ಪರದೆ ಒಂದು ಕ್ಷಣ ಬೆಳ್ಳಗಾಗಿ, ಆಮೇಲೆ ಗುಡ್ಡ, ಸಮುದ್ರ, ಕಾಡು ಎಲ್ಲ ಮೂಡಿಬಂದವು. ಹುಡುಗರು ಗೆದ್ದೆವು ಅಂತ ಕೈ ಕೈ ಹೊಡೆದುಕೊಂಡರು. ಸುಜಾತಾ ಅಳಲಿಲ್ಲ. ತಿರುಗಿ, ನೆಟ್ಟಗೆ ರಸ್ತೆಗೆ ನಡೆದುಬಿಟ್ಟಳು.

ಅವತ್ತಿನಿಂದ ಮಂಚದ ಕೆಳಗೆ ಸೇರಿಕೊಂಡಳು. ಊಟದ ತಟ್ಟೆಯನ್ನು ಅಲ್ಲಿಗೇ ಸರಿಸಿದರೂ ಎರಡು ತುತ್ತು ಬಿಟ್ಟು ಉಳಿದದ್ದು ಹಾಗೇ ವಾಪಸು ಬರುತ್ತಿತ್ತು. ಹೊರಗೆಳೆಯಲು ಹೋದರೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದಳು. ನಾನು ಕಚೇರಿಗೆ ರಜೆ ಹಾಕಿ ಮಂಚದ ಪಕ್ಕ ನೆಲದ ಮೇಲೆ ಮಲಗಿಕೊಳ್ಳುತ್ತಿದ್ದೆ. ನನ್ನ ಗಂಡ ಪಾಳಿ ಮುಗಿಸಿ ಬಂದು ಬೂಟು ಬಿಚ್ಚದೆ ಬಾಗಿಲಲ್ಲೇ ಕೂತುಬಿಡುತ್ತಿದ್ದರು. ಮುಂದಿನ ಮಂಗಳವಾರ ಪಾಠಕ್ಕೂ ಹೋಗಲಿಲ್ಲ.

ಎರಡು ದಿನ ಬಿಟ್ಟು ಬಾಗಿಲಲ್ಲಿ ಅಣ್ಣ ನಿಂತಿದ್ದರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಡ್ಯಾಮಿನಲ್ಲಿ ಕಂಡಕಂಡವರನ್ನು ಕೇಳಿಕೊಂಡು ಮನೆ ಹುಡುಕಿದ್ದರು. "ನೀವು ಬರ್ಲಿಲ್ಲ. ಹುಡುಗ್ರು ಏನಾತಂತ ಹೇಳಿದ್ರು" ಅಂದರು. ಚಹಾ ಬೇಡವೆಂದರು. ಮಂಚದಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತು, ಗೋಡೆಯ ಕಡೆ ನೋಡುತ್ತಾ ಮಾತಾಡತೊಡಗಿದರು.

"ಯವ್ವಾ, ಐಸಜ್ಜ ಎಲ್ಲಿ ಹೋಗ್ಯಾನ ಅಂತ ನನಗ ಗೊತ್ತೈತಿ. ನಾ ಟಿಪ್ಪರ್ ಹೊಡಿಯೋ ಮುಂದ ನೋಡೀನಿ. ಬರ್ತಿ ಅಂದ್ರ ತೋರಿಸ್ತೀನಿ."

ನಾನು ಅವರನ್ನು ಅಡುಗೆಮನೆಗೆ ಕರೆದೆ. "ಅಣ್ಣಾರ, ಸುಳ್ಳು ಹೇಳಬ್ಯಾಡ್ರಿ. ಅಲ್ಲಿ ಹೋದ ಮ್ಯಾಲೆ ಅವ ಇಲ್ಲಂದ್ರ ಇಕಿನ್ನ ನಾ ಹೆಂಗ ಹಿಡೀಲಿ?"

"ಸುಳ್ಳಲ್ರಿ ಅಕ್ಕಾರ. ಆ ಕತ್ಯಾಗ ಹಂಗ ಐತಲ್ರಿ. ಎಲುಬು, ಹಲ್ಲು ಎಲ್ಲಾ ಕಲ್ಲಾತು ಅಂತ. ಹಂಪ್ಯಾಗ ಇರೋವಷ್ಟು ಕಲ್ಲು ಮತ್ತೆಲ್ಲೈತಿ ಹೇಳ್ರಿ?"

ನಾವು ಅಡುಗೆಮನೆಯಿಂದ ಹೊರಗೆ ಬಂದಾಗ ಸುಜಾತಾ ಮಂಚದ ಕೆಳಗಿನಿಂದ ಅರ್ಧ ಹೊರಗೆ ಬಂದು ಬಾಳೆಹಣ್ಣು ಸುಲಿಯುತ್ತಿದ್ದಳು.

ಭಾನುವಾರ ಅವರು ಗೆಳೆಯನ ಆಟೋ ತಂದರು. ಗಂಡನಿಗೆ ಪಾಳಿ ಇತ್ತು. ನಾನು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ, ಉಪ್ಪಿನಕಾಯಿ ಕಟ್ಟಿಕೊಂಡೆ. ಹಂಪಿಗೆ ನಾನು ಎಷ್ಟೋ ಸಲ ಹೋಗಿದ್ದೆ. ಮನೆಗೆ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ ಗುಡಿ, ರಥ, ಕಂಬ ತೋರಿಸುವುದೇ ನಮ್ಮ ಕೆಲಸ. ಕಲ್ಲುಬಂಡೆಗಳನ್ನು ಮಾತ್ರ ನಾನು ಯಾವತ್ತೂ ನೋಡಿರಲಿಲ್ಲ ಅಂತ ಅವತ್ತು ಗೊತ್ತಾಯಿತು. ಗುಡಿಯ ಕಡೆ ಹೋಗದೆ ಅವರು ಆಟೋವನ್ನು ಮತಂಗ ಬೆಟ್ಟದ ಕಡೆ, ಕಾಲುವೆಯ ಪಕ್ಕ ನಿಲ್ಲಿಸಿದರು. ಒಂದರ ಮೇಲೊಂದು ಪೇರಿಸಿದ ಹಾಗೆ ಬಂಡೆಗಳು, ಬಿಸಿಲಿಗೆ ಕೆಂಪಗೆ ಕಾದು ನಿಂತಿದ್ದವು.

"ಇದು ದವಡಿ ಹಲ್ಲು ನೋಡವ್ವಾ. ಅದು ಮಣಕಾಲು. ಅಗಾ ಅಲ್ಲಿ ಐತಲ್ಲ, ಸಂದಿನ್ಯಾಗ ಗಿಡ ಬೆಳೆದದ್ದು, ಅದು ಭುಜ."

ಸುಜಾತಾ ಬಹಳ ಹೊತ್ತು ನೋಡುತ್ತಾ ನಿಂತಳು. ಆಮೇಲೆ ದವಡೆ ಹಲ್ಲಿನ ಹತ್ತಿರ ಹೋಗಿ ಎರಡೂ ಅಂಗೈ ಇಟ್ಟಳು. ರಿಮೋಟ್ ಹಿಡಿಯುತ್ತಿದ್ದಳಲ್ಲ, ಹಾಗೇ. ಕೆನ್ನೆ ಒತ್ತಿದಳು. ಕಣ್ಣು ಮುಚ್ಚಿದಳು. ಒಂದು ಬಂಡೆಯಿಂದ ಇನ್ನೊಂದಕ್ಕೆ ಹೋಗಿ ಹಾಗೇ ಮಾಡಿದಳು. ಆ ದಿನಗಳಲ್ಲಿ ಮೊದಲ ಸಲ ಒಂದು ರೊಟ್ಟಿ ಪೂರ್ತಿ ತಿಂದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅಣ್ಣ ಕಾಣದವರ ಹಾಗೆ ಉಪ್ಪಿನಕಾಯಿ ನೆಕ್ಕುತ್ತಾ ಕೂತಿದ್ದರು.

ಊಟವಾಗಿ, ಬಿಸಿಲು ಇಳಿದು, ಇನ್ನೇನು ಹೊರಡಬೇಕು. ನಾನು ಕಾಲುವೆಯಲ್ಲಿ ಡಬ್ಬಿ ತೊಳೆಯುತ್ತಿದ್ದೆ, ಅವರು ಆಟೋ ತಿರುಗಿಸಲು ಹೋಗಿದ್ದರು. ಅಷ್ಟರಲ್ಲಿ ಸುಜಾತಾ ಇರಲಿಲ್ಲ.

ಮೊದಲು ಹತ್ತಿರದ ಬಂಡೆಯ ಹಿಂದೆ ನೋಡಿದೆವು. ಆಮೇಲೆ ಅದರಾಚೆಯ ಬಂಡೆ. ಆ ಕಡೆ ಸಂದಿಗಳಿಗೆ ಲೆಕ್ಕವಿಲ್ಲ. ಒಂದೊಂದು ಗವಿಯ ಹಾಗೆ ಒಳಗೊಳಗೇ ಹೋಗುತ್ತದೆ. ನಾನು ಓಡುತ್ತಾ ಕೂಗುತ್ತಿದ್ದೆ, "ಸುಜಾತಾ... ಸುಜೀ..." ಕೂಗುವಾಗಲೇ ಗೊತ್ತಿತ್ತು, ಆ ಹೆಸರಿಗೆ ಅವಳು ಒಮ್ಮೆಯೂ ತಿರುಗಿದವಳಲ್ಲ. ಗೊತ್ತಿದ್ದೂ ಕೂಗುತ್ತಿದ್ದೆ. ಬೇರೆ ಏನು ಕೂಗಬೇಕು ಅಂತ ನನಗೆ ತಿಳಿದಿರಲಿಲ್ಲ. ಆಡು ಹೊಡೆದುಕೊಂಡು ಬರುತ್ತಿದ್ದ ಒಬ್ಬ ಮುದುಕಿ ನಿಂತು, "ಜಲ್ದಿ ಹುಡುಕ್ರವ್ವಾ, ಹೊತ್ತು ಮುಳುಗಿದ್ರ ಇಲ್ಲಿ ಚಿರತಿ ಇಳಿತೈತಿ" ಅಂದಳು. ನಾನು ಅಲ್ಲೇ ನೆಲಕ್ಕೆ ಕೂತೆ.

ಅಣ್ಣ ಆಗ ಎತ್ತರದ ಒಂದು ಬಂಡೆ ಹತ್ತಿದರು. ಚಪ್ಪಲಿ ಬಿಚ್ಚಿ, ಕೈಕಾಲು ಊರಿ, ಆ ದೊಡ್ಡ ಮೈ ಹೊತ್ತುಕೊಂಡು ಹೇಗೆ ಹತ್ತಿದರೋ. ಮೇಲೆ ನಿಂತು, ತಲೆಯೆತ್ತಿ, "ಹೋ...ಓ...ಓ..." ಅಂದರು. ಅಂಗಡಿಯಲ್ಲಿ ಮೆಲ್ಲಗೆ ಕೂಗುತ್ತಿದ್ದದ್ದು ಇದೇ ಕೂಗು ಅಂತ ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ದೂರದಲ್ಲಿ ಹೋಗುತ್ತಿದ್ದ ಪ್ರವಾಸಿಗರು ನಿಂತು ನೋಡಿದರು. ಅವರು ದಿಕ್ಕು ಬದಲಿಸಿ ಮತ್ತೆ ಕೂಗಿದರು. ಇಳಿದು, ಇನ್ನೊಂದು ಬಂಡೆ ಹತ್ತಿ ಕೂಗಿದರು. ಕೂಗಿದ್ದೆಲ್ಲ ಬಂಡೆಗಳಿಗೆ ಬಡಿದು ನಮಗೇ ವಾಪಸು ಬರುತ್ತಿತ್ತು. ಕೂಗಿ ಕೂಗಿ ಕೊನೆಗೆ ಅವರ ಗಂಟಲಿನಿಂದ ಬರೀ ಗಾಳಿ ಹೊರಟಿತು. ಅವರು ಇಳಿದು ಬಂದು ನನ್ನ ಮುಂದೆ ಕೂತರು.

"ನೀವು ಕೂಗ್ರಿ ಅಕ್ಕಾರ" ಅಂದರು, ಪಿಸುಗುಟ್ಟಿದ ಹಾಗೆ.

"ನನಗ ಬರಂಗಿಲ್ಲ ಅಣ್ಣಾರ."

"ಬರ್ತೈತಿ. ಹೊಟ್ಟಿಲೆ ಕೂಗ್ರಿ. ನೀವು ಇಲ್ಲೇ ನಿಂತು ಕೂಗ್ರಿ, ನಾ ಹುಡುಕ್ತೀನಿ."

ನಾನು ಎದ್ದು ನಿಂತೆ. ಮೊದಲ ಸಲ ಬಂದದ್ದು ಅಳು. ಎರಡನೆಯ ಸಲ ಅದೇನು ಬಂತೋ, ನನ್ನದಲ್ಲದ ಒಂದು ಸ್ವರ, ಎದೆಯಿಂದಲ್ಲ, ಇನ್ನೂ ಕೆಳಗಿನಿಂದ. "ಹೋ...ಓ...ಓ..." ಕೂಗಿ, ಉಸಿರು ಹಿಡಿದು ನಿಂತೆ. ಆಡುಗಳ ಗಂಟೆಯ ಸದ್ದು ನಿಂತಿತ್ತು, ಆ ಮುದುಕಿ ಅವುಗಳನ್ನು ತಡೆದಿದ್ದಳು. ಎಲ್ಲೋ ಒಂದು ಕಡೆ ಕಲ್ಲಿಗೆ ಕಲ್ಲು ಬಡಿದ ಸದ್ದು ಕೇಳಿಸಿತು.

ನಾನು ಮತ್ತೆ ಕೂಗಿದೆ. ಮತ್ತೆ ಅದೇ ಸದ್ದು. ದಡ ದಡ.

ಅಣ್ಣ ಓಡಿದರು. ನಾನು ಕೂಗುತ್ತಲೇ ಇದ್ದೆ, ಅವಳು ಉತ್ತರ ಕೊಡುತ್ತಲೇ ಇದ್ದಳು. ಎಂಟು ವರ್ಷ ಕರೆದಿದ್ದೆ ನಾನು ಆ ಮಗುವನ್ನು. ನನ್ನ ಕೂಗಿಗೆ ಅವಳಿಂದ ಬಂದ ಮೊದಲ ಉತ್ತರ ಅದು. ಅವಳಿನ್ನೂ ಸಿಕ್ಕಿರಲಿಲ್ಲ, ಹೊತ್ತು ಮುಳುಗುತ್ತಿತ್ತು, ಭಯ ಹಾಗೇ ಇತ್ತು. ಆದರೂ ಅಷ್ಟು ಸಂತೋಷ ನನಗೆ ಆಮೇಲೂ ಆದದ್ದಿಲ್ಲ.

ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಅವಳ ಕಾಲು ಸಿಕ್ಕಿಕೊಂಡಿತ್ತಂತೆ. ಅಳದೆ, ಕೈಗೆ ಸಿಕ್ಕ ಕಲ್ಲು ಹಿಡಿದು ಕೂತಿದ್ದಳಂತೆ. ಅಣ್ಣ ಹೊರಗೆ ಬಂದಾಗ ಅವರ ಹೆಗಲ ಟವೆಲ್ಲಿನ ಒಂದು ತುದಿ ಅವರ ಕೈಯಲ್ಲಿತ್ತು, ಇನ್ನೊಂದು ತುದಿ ಸುಜಾತಾಳ ಮುಷ್ಟಿಯಲ್ಲಿತ್ತು. ಮುಟ್ಟಿಸಿಕೊಳ್ಳುವುದಿಲ್ಲ ಅಂತ ಆ ಗಡಿಬಿಡಿಯಲ್ಲೂ ಅವರಿಗೆ ನೆನಪಿತ್ತು. ಅವಳ ಒಂದು ಚಪ್ಪಲಿ ಇರಲಿಲ್ಲ, ಕಣಕಾಲು ತರಚಿತ್ತು. ನಾನು ಎದುರಿಗೆ ಹೋಗಿ ಮಂಡಿಯೂರಿದೆ. ಅವಳು ಬಂದು ತಲೆಯನ್ನು ನನ್ನ ಭುಜಕ್ಕೆ ತಾಗಿಸಿ ನಿಂತಳು. ನಾನು ತಬ್ಬಿಕೊಳ್ಳಲಿಲ್ಲ. ತಬ್ಬಿಕೊಂಡರೆ ಹೋಗಿಬಿಡುತ್ತಾಳೆ ಅಂತ ಹಾಗೇ ಇದ್ದೆ.

ವಾಪಸು ಬರುವಾಗ ಅಣ್ಣನಿಗೆ ಮಾತಾಡಲು ಆಗುತ್ತಿರಲಿಲ್ಲ. ಕ್ವಾರ್ಟರ್ಸಿನ ಮುಂದೆ ಇಳಿಸಿದಾಗ ಒಂದೇ ಮಾತು, ಅದೂ ಅರ್ಧ ಸನ್ನೆಯಲ್ಲಿ. "ನಿಮಗ ಉತ್ತರ ಕೊಟ್ಳು ಅಕ್ಕಾರ. ನನಗಲ್ಲ."

ಆಮೇಲೆ ನಮ್ಮ ಮನೆಯಲ್ಲಿ ಆ ಕೂಗು ನಡೆಯಿತು. ಅಡುಗೆಮನೆಯಿಂದ ನಾನು ಹೋ ಅಂದರೆ ಒಳಕೋಣೆಯಿಂದ ದಡ ದಡ. ಕಾಲುವೆ ಕಚೇರಿ ಮೇಡಂಗೆ ಏನಾಗಿದೆ ಅಂತ ಅಕ್ಕಪಕ್ಕದವರು ನಕ್ಕರು. ನನ್ನ ಗಂಡನೂ ಕಲಿತರು. ಅವರದು ಮಾತ್ರ ರೈಲಿನ ಕೂಗಿನ ಹಾಗಿರುತ್ತಿತ್ತು, ಅದಕ್ಕೂ ಅವಳು ಉತ್ತರ ಕೊಡುತ್ತಿದ್ದಳು. ಮಾತು ಕಲಿಸುವ ಮೇಡಂಗೆ ಹೇಳಿದೆ. ಅವರು ನನ್ನ ಕೈ ಹಿಡಿದು, "ಇದನ್ನೇ ಹಿಡ್ಕೊಂಡು ಮುಂದೆ ಹೋಗೋಣ" ಅಂದರು. ಗುದ್ದಿದರೆ ಹೌದು, ಸುಮ್ಮನಿದ್ದರೆ ಬೇಡ. ಅಲ್ಲಿಂದ ಶುರುವಾಗಿ, ಬಹಳ ನಿಧಾನಕ್ಕೆ, ಕೆಲವು ತಿಂಗಳು ಹಿಂದಕ್ಕೂ ಹೋಗಿ, ಮಾತು ಬಂತು. ನೀರು. ಬಾ. ಬ್ಯಾಡ. ಹೆಚ್ಚೇನಲ್ಲ. ಇವತ್ತಿಗೂ ಹೆಚ್ಚು ಮಾತಾಡುವವಳಲ್ಲ ಅವಳು.

ಹೆಸರಿಗೆ ತಿರುಗಿದ್ದು ಮಾತ್ರ ಅಂಗಡಿಯಲ್ಲೇ, ಮಂಗಳವಾರಗಳು ಮತ್ತೆ ಶುರುವಾದ ಮೇಲೆ. ಹೊರಡುವ ಹೊತ್ತಾಗಿತ್ತು, ನಾನು ಬಾಗಿಲಿನಿಂದ "ಸುಜಾತಾ" ಅಂದೆ, ಅವಳು ತಿರುಗಿ ನನ್ನ ಮುಖ ನೋಡಿದಳು. ಅಣ್ಣ ಕೂತಲ್ಲಿಂದ ಎದ್ದೇಬಿಟ್ಟರು. "ಏ, ಎಲ್ಲಾರೂ ಆಟ ನಿಲ್ಲಸ್ರಿ ಲೇ! ತಿರ್ಗಿ ನೋಡಿದ್ಲು! ಚಪ್ಪಾಳಿ ಹೊಡೀರಿ!" ಅಂದವರೇ, ತಕ್ಷಣ ಕೈ ಅಡ್ಡ ಮಾಡಿ, "ಸಣ್ಣಗ ಹೊಡೀರಿ ಮತ್ತ. ಅಕಿಗೆ ಸಪ್ಪಳ ಆಗಂಗಿಲ್ಲ" ಅಂದರು. ಮೀಸೆ ಚಿಗುರಿದ ಆ ಹುಡುಗರೆಲ್ಲ ಎದ್ದು ನಿಂತು, ಎರಡೆರಡು ಬೆರಳುಗಳಿಂದ, ಸದ್ದೇ ಆಗದ ಹಾಗೆ ಚಪ್ಪಾಳೆ ತಟ್ಟಿದರು.

ವರ್ಷಗಳು ಕಳೆದಂತೆ ಎಲ್ಲರ ಕೈಗೂ ಫೋನು ಬಂದು, ಆಟಗಳೂ ಅದರೊಳಕ್ಕೇ ಹೋದವು. ಅಂಗಡಿ ಒಂದೊಂದೇ ಟಿವಿಯಾಗಿ ಖಾಲಿಯಾಯಿತು. ಅಣ್ಣ ಮತ್ತೆ ಸ್ಟೇರಿಂಗ್ ಹಿಡಿದರು, ದೂರದ ಒಡಿಶಾದ ಗಣಿಗಳಲ್ಲಿ. ಯುಗಾದಿಗೋ ದೀಪಾವಳಿಗೋ ಫೋನ್ ಮಾಡುತ್ತಿದ್ದರು. ನಾನು ಹಲೋ ಅನ್ನುವ ಮೊದಲೇ, "ನಮ್ಮವ್ವ ಹೆಂಗದಾಳ್ರಿ?" ಹೊಸದಾಗಿ ಏನಾದರೂ ಕಲಿತಿದ್ದರೆ ಅದನ್ನು ಪೂರ್ತಿ ಹೇಳಬೇಕು. ಚಮಚ ಹಿಡಿದದ್ದು, ತಾನೇ ಜಡೆ ಹಾಕಿಕೊಂಡದ್ದು. "ಮಸ್ತ್ ರೀ, ಮಸ್ತ್" ಅಂತ ಅಲ್ಲಿಂದ ಸದ್ದು. ಆಮೇಲೆ ಒಂದು ವರ್ಷ ಫೋನ್ ಬರಲಿಲ್ಲ. ನಾನು ಮಾಡಿದರೆ ಆ ನಂಬರ್ ಇಲ್ಲ ಅನ್ನುತ್ತಿತ್ತು...

ಅವರು ಹೋದ ಸುದ್ದಿ ಸಿಕ್ಕಿದ್ದು ಮಿರ್ಚಿ ಗಾಡಿಯವನಿಂದ. ರಜೆಗೆ ಊರಿಗೆ ಬಂದಿದ್ದರಂತೆ, ಜ್ವರ ಬಂತಂತೆ, ಆಸ್ಪತ್ರೆಗೆ ಒಯ್ಯುವುದರೊಳಗೆ ಮುಗಿದುಹೋಯಿತಂತೆ. ನಮಗೆ ತಿಳಿಯುವ ಹೊತ್ತಿಗೆ ಅದಾಗಿ ಎಷ್ಟೋ ತಿಂಗಳಾಗಿತ್ತು. ನಾವು ಮೂವರೂ ಗಾದಿಗನೂರಿಗೆ ಹೋದೆವು. ಅವರ ಹೆಂಡತಿ ಹೊಲದಿಂದ ಆಗಷ್ಟೇ ಬಂದಿದ್ದರು. ನಾನು ನನ್ನ ಪರಿಚಯ ಹೇಳಲು ಬಾಯಿ ತೆರೆದೆ. ಅವರು ನನ್ನನ್ನು ದಾಟಿ ಸುಜಾತಾಳನ್ನೇ ನೋಡುತ್ತಾ, "ಎಷ್ಟು ಎತ್ತರ ಆಗ್ಯಾಳ್ರೀ" ಅಂದರು. ನಮ್ಮ ಮನೆಯ ಸುದ್ದಿಯೆಲ್ಲ ಅವರಿಗೆ ಗೊತ್ತಿತ್ತು. ಚಮಚ, ಜಡೆ, ಎಲ್ಲ.

ಈಗ ನಾವು ಹೊಸಪೇಟೆಯಲ್ಲೇ ಮನೆ ಮಾಡಿದ್ದೇವೆ. ಸುಜಾತಾ ವಾರವಿಡೀ ಕಂಪ್ಲಿಯಲ್ಲಿ ನನ್ನ ತಂಗಿಯ ಮನೆಯಲ್ಲಿ ಇರುತ್ತಾಳೆ. ಅಲ್ಲಿ ಹೆಣ್ಣುಮಕ್ಕಳೇ ಸೇರಿ ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುವ ಒಂದು ಕೆಲಸದ ಮನೆಯಿದೆ. ಮಾತು ಬೇಡದ ಕೆಲಸ, ಬೆರಳು ಚುರುಕಾಗಿರಬೇಕು ಅಷ್ಟೇ. ಅವಳದು ಬಹಳ ಚುರುಕು. ಶನಿವಾರ ನನ್ನ ಗಂಡನೋ ನಾನೋ ಹೋಗಿ ಕರೆದುಕೊಂಡು ಬರುತ್ತಿದ್ದೆವು. ಹೋದ ಶನಿವಾರ ಅವಳು ಒಬ್ಬಳೇ ಬಂದಳು. ತಂಗಿ ಕಂಪ್ಲಿಯಲ್ಲಿ ಬಸ್ಸು ಹತ್ತಿಸಿದಳು, ಇವಳು ಹೊಸಪೇಟೆಯಲ್ಲಿ ಇಳಿದು, ರಸ್ತೆ ದಾಟಿ, ಮನೆಯ ಗೇಟು ತೆಗೆದು ಒಳಗೆ ಬಂದು, ಚಪ್ಪಲಿ ಬಿಟ್ಟು, "ಬಂದೆ" ಅಂದಳು.

ನನ್ನ ಗಂಡ ಬಚ್ಚಲಮನೆಗೆ ಹೋಗಿ ನೀರು ಬಿಟ್ಟುಕೊಂಡು ಅತ್ತರು. ನಾನು ಪಕ್ಕದ ಮನೆಯವರಿಗೆ ಹೇಳಿದೆ. "ಹೌದೇನ್ರಿ, ಛಲೋ ಆತಲ್ಲ" ಅಂದು ಅವರು ಹೂವಿನ ಗಿಡಕ್ಕೆ ನೀರು ಹಾಕಿದರು. ಅವರ ತಪ್ಪೇನಿಲ್ಲ. ಇಪ್ಪತ್ತು ದಾಟಿದ ಹುಡುಗಿ ಬಸ್ಸಿನಲ್ಲಿ ಬರುವುದು ಯಾರಿಗೆ ಸುದ್ದಿ? ಅದು ಎಷ್ಟು ದೊಡ್ಡ ಸುದ್ದಿ ಅಂತ ಗೊತ್ತಿದ್ದವರೊಬ್ಬರು ಇದ್ದರು. ಒಳಗೆ ಬಂದು ಫೋನ್ ಹಿಡಿದು, ಯಾರಿಗೆ ಮಾಡಲಿ ಅಂತ ಸ್ವಲ್ಪ ಹೊತ್ತು ಕೂತೆ. ಆಮೇಲೆ ಗಾದಿಗನೂರಿಗೆ ಮಾಡಿದೆ.

ಅವರ ಹೆಂಡತಿ ಎತ್ತಿಕೊಂಡರು. ನಾನು ಎಲ್ಲ ಹೇಳಿದೆ. ಬಸ್ಸು ಹತ್ತಿದ್ದು, ಇಳಿದದ್ದು, ರಸ್ತೆ ದಾಟಿದ್ದು, "ಬಂದೆ" ಅಂದದ್ದು.

"ತಡೀರಿ ಅಕ್ಕಾರ" ಅಂದರು. ಅವರು ಎದ್ದು ಒಳಗೆ ನಡೆದದ್ದು ಕೇಳಿಸಿತು. "ಫೋನ್ ಅವ್ರ ಫೋಟೋದ ಮುಂದ ಹಿಡಿದೀನಿ. ಈಗ ಇನ್ನೊಮ್ಮೆ ಹೇಳ್ರಿ."

ನಾನು ಮೊದಲಿನಿಂದ ಹೇಳಿದೆ.